ಹರಾಜಾದ ನೆಲ ಮರಳಿದರೆ ಅದು ಯಾರದು?

ಬಾಕಿ, ಜಪ್ತಿ, ಹರಾಜು, ಬೇನಾಮಿ, ತಹಶೀಲ್ದಾರ... ನಮ್ಮ ಕಂದಾಯ ಕಚೇರಿಗಳಲ್ಲಿ ಓಡಾಡುವ ಎಷ್ಟೋ ಮಾತುಗಳು ಅರಬಿ-ಫಾರಸಿ ಮೂಲದವು. ಉರ್ದು ಶಾಲೆಯ ಬೆಂಚಿನ ಮೇಲೂ ಕನ್ನಡ ಶಾಲೆಯ ಬೆಂಚಿನ ಮೇಲೂ ಕುಳಿತು ಬಂದ ನಮ್ಮಂಥವರಿಗೆ ಸರಕಾರಿ ನೋಟೀಸನ್ನು ಓದುವಾಗ ಹಳೆಯ ನೆಂಟರನ್ನು ಕಂಡಂತಾಗುತ್ತದೆ. ಆದರೆ ಹರಾಜಿನ ಬಾಯಿಗೆ ಹೋದ ಆಸ್ತಿಯನ್ನು ಹಿಂದಕ್ಕೆ ತರುವುದಕ್ಕೆ ಕನ್ನಡ ತನ್ನದೇ ಮಾತನ್ನು ಇಟ್ಟುಕೊಂಡಿದೆ: ಬಿಡಿಸಿಕೊಳ್ಳುವುದು. ಅಡವಿಟ್ಟ ಓಲೆಯನ್ನು ಬಿಡಿಸಿಕೊಳ್ಳುತ್ತೇವೆ. ದೊಡ್ಡಿಗೆ ಹೋದ ಎಮ್ಮೆಯನ್ನು ದಂಡ ಕಟ್ಟಿ ಬಿಡಿಸಿಕೊಂಡು ಬರುತ್ತೇವೆ. ಬಿಡಿಸಿಕೊಂಡು ಬಂದ ಎಮ್ಮೆ ಹೊಸ ಎಮ್ಮೆಯಲ್ಲ. ಅದು ಮೊದಲು ಯಾರದಾಗಿತ್ತೋ ಈಗಲೂ ಅವರದೇ.

ಭೂಮಿಯ ವಿಷಯದಲ್ಲಿ ಮಾತ್ರ ಈ ಸರಳ ಸಂಗತಿಯನ್ನು ಒಪ್ಪಿಸಲು ಸುಮಾರು ನೂರು ವರ್ಷ ಬೇಕಾಯಿತು. ತೆರಿಗೆಯ ಬಾಕಿಗೆ ಹರಾಜಾದ ಹೊಲ ಅಥವಾ ಮನೆಯನ್ನು ಮಾಲೀಕ ಹಣ ಕಟ್ಟಿ ಬಿಡಿಸಿಕೊಳ್ಳಬಹುದೇ? ಬಿಡಿಸಿಕೊಂಡರೆ ಅವನ ಕೈಗೆ ಬರುವುದೇನು? ಆ ನೆಲವನ್ನು ನಂಬಿಕೊಂಡಿದ್ದ ಗೇಣಿದಾರ, ಸಾಲ ಕೊಟ್ಟವನು, ಪಾಲುಗಾರರಾದ ಅಕ್ಕತಂಗಿಯರು ಏನಾಗುತ್ತಾರೆ? ಈ ಪ್ರಶ್ನೆಗಳ ಇತಿಹಾಸ ಬಂಗಾಳದಲ್ಲಿ ಶುರುವಾಗಿ ನಮ್ಮ ತಾಲ್ಲೂಕು ಕಚೇರಿಯ ಮೆಟ್ಟಿಲವರೆಗೂ ಬರುತ್ತದೆ.

ಸೂರ್ಯ ಮುಳುಗುವುದರೊಳಗೆ

1793ರ ಮಾರ್ಚ್ 22ರಂದು ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬಂಗಾಳದ ಜಮೀನ್ದಾರರೊಂದಿಗೆ ಕಾಯಂ ಜಮಾಬಂದಿಯನ್ನು ಘೋಷಿಸಿದ. ಜಮೀನ್ದಾರ ಕಂಪನಿಗೆ ಕಟ್ಟಬೇಕಾದ ಕಂದಾಯ ಇನ್ನೆಂದೂ ಹೆಚ್ಚುವುದಿಲ್ಲ, ಅದಕ್ಕೆ ಪ್ರತಿಯಾಗಿ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ ಎಂಬುದು ಒಪ್ಪಂದ. ವಸೂಲಾದ ಗೇಣಿಯ ಹನ್ನೊಂದು ಪಾಲಿನಲ್ಲಿ ಹತ್ತು ಪಾಲು ಕಂಪನಿಗೆ, ಒಂದು ಪಾಲು ಜಮೀನ್ದಾರನಿಗೆ ಎನ್ನುವುದು ಲೆಕ್ಕ. ಬರಗಾಲ ಬರಲಿ, ಪ್ರವಾಹ ಬರಲಿ, ಗೊತ್ತಾದ ದಿನ ಸೂರ್ಯ ಮುಳುಗುವುದರೊಳಗೆ ಹಣ ಖಜಾನೆಗೆ ಬೀಳಬೇಕು. ತಪ್ಪಿದರೆ ಜಮೀನ್ದಾರಿ ಹರಾಜಿಗೆ. ಜನರು ಇದನ್ನು ಸೂರ್ಯಾಸ್ತದ ಕಾನೂನು ಎಂದು ಕರೆದರು.

ಮೊಗಲರ ಕಾಲದಲ್ಲಿ ಎಲ್ಲ ಸುಖವಾಗಿತ್ತು ಎಂದು ನಾವು ಹೇಳುತ್ತಿಲ್ಲ. ಆಗ ಬಾಕಿದಾರನ ಮೈ ಜವಾಬು ಹೇಳಬೇಕಾಗಿತ್ತು: ಸೆರೆಮನೆ, ಹೊಡೆತ, ಅವಮಾನ. ಕಂಪನಿ ಮೈಯನ್ನು ಬಿಟ್ಟು ನೆಲವನ್ನು ಹಿಡಿಯಿತು. ಇದು ಸುಧಾರಣೆಯಂತೆಯೇ ಕಾಣುತ್ತದೆ. ಆದರೆ ಹೊಡೆಸಿಕೊಂಡ ಜಮೀನ್ದಾರ ಮನೆಗೆ ಹಿಂದಿರುಗುತ್ತಿದ್ದ. ಹರಾಜಾದ ಜಮೀನ್ದಾರಿ ಹಿಂದಿರುಗಲು ದಾರಿಯೇ ಇರಲಿಲ್ಲ. ಹರಾಜು ಕ್ರಮವಾಗಿ ನಡೆದು ಮುಗಿಯಿತೆಂದರೆ, ಮರುದಿನ ಬೆಳಿಗ್ಗೆ ಬಾಕಿಯ ಇಮ್ಮಡಿ ಹಣ ತಂದು ಸುರಿದರೂ ಅದನ್ನು ಕೇಳುವ ಹಕ್ಕು ಮಾಲೀಕನಿಗಿರಲಿಲ್ಲ.

ಪರಿಣಾಮ ಬೇಗನೆ ಕಂಡಿತು. ರಾಜಶಾಹಿ, ನದಿಯಾ, ದಿನಾಜ್‌ಪುರ, ವಿಷ್ಣುಪುರ ಮುಂತಾದ ದೊಡ್ಡ ಮನೆತನಗಳ ಜಮೀನು ತುಂಡು ತುಂಡಾಗಿ ಹರಾಜಾಯಿತು. ರಾಜನಗರದಲ್ಲಿ ಕುಳಿತು ಆಳುತ್ತಿದ್ದ ಬೀರ್‌ಭೂಮ್‌ನ ಮುಸ್ಲಿಂ ರಾಜಮನೆತನವೂ ಇದೇ ಹರಾಜಿನಲ್ಲಿ ಕರಗಿಹೋಯಿತು. 1794ರಿಂದ 1807ರವರೆಗಿನ ಹದಿಮೂರು ವರ್ಷಗಳಲ್ಲಿ ಬಂಗಾಳ ಮತ್ತು ಬಿಹಾರದ ಸುಮಾರು ಶೇಕಡಾ 41ರಷ್ಟು ಕಂದಾಯ ಕೊಡುವ ಭೂಮಿ ಹರಾಜಿಗೆ ಬಂತೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಹಿಂದೂ ರಾಜ, ಮುಸ್ಲಿಂ ರಾಜ ಎಂಬ ಭೇದವನ್ನು ಸೂರ್ಯಾಸ್ತ ಮಾಡಲಿಲ್ಲ.

ಬಾಗಿಲು ಮುಚ್ಚಿದಾಗ ಕಿಟಕಿ

ಕಾನೂನು ಬಿಡಿಸಿಕೊಳ್ಳುವ ದಾರಿಯನ್ನು ಮುಚ್ಚಿದರೆ ಮನುಷ್ಯ ಕಳ್ಳದಾರಿ ಹುಡುಕುತ್ತಾನೆ. 1797ರಲ್ಲಿ ಬರ್ದ್ವಾನಿನಲ್ಲಿ ನಡೆದ ದೊಡ್ಡ ಹರಾಜು ಇದಕ್ಕೆ ಪ್ರಸಿದ್ಧ ಉದಾಹರಣೆ. ರಾಜನ ಎಷ್ಟೋ ಮಹಲುಗಳನ್ನು ಕಲೆಕ್ಟರು ಹರಾಜಿಗಿಟ್ಟ. ಕೊಳ್ಳುವವರು ತುಂಬ ಮಂದಿ ಬಂದರು, ಮೇಲೆ ಮೇಲೆ ಕೂಗಿದರು, ಹೆಚ್ಚು ಕೂಗಿದವರಿಗೆ ಮಾರಾಟವಾಯಿತು. ಆಮೇಲೆ ನೋಡಿದರೆ ಕೊಂಡವರಲ್ಲಿ ಬಹುಪಾಲು ರಾಜನದೇ ನೌಕರರು, ಗುಮಾಸ್ತರು! ಆ ಹರಾಜಿನ ಶೇಕಡಾ 95ಕ್ಕೂ ಹೆಚ್ಚು ವ್ಯಾಪಾರ ಸುಳ್ಳು ವ್ಯಾಪಾರವಾಗಿತ್ತು. ಹೆಸರಿಗೆ ರಾಜನ ಭೂಮಿ ಮಾರಾಟವಾಗಿತ್ತು, ನಿಜದಲ್ಲಿ ಅದು ಅವನ ಕೈಬಿಟ್ಟು ಕದಲಿರಲಿಲ್ಲ.

ಈ ತಂತ್ರದ ಒಳಸುಳಿ ಹೀಗಿತ್ತು. ರಾಜನ ಮನುಷ್ಯ ಎಲ್ಲರಿಗಿಂತ ಹೆಚ್ಚು ಕೂಗಿ ಕೊಳ್ಳುತ್ತಿದ್ದ, ಆಮೇಲೆ ಹಣ ಕಟ್ಟುತ್ತಿರಲಿಲ್ಲ. ಮತ್ತೆ ಹರಾಜು, ಮತ್ತೆ ಅದೇ ಮನುಷ್ಯ, ಮತ್ತೆ ಅದೇ ಕೈಚೆಲ್ಲುವಿಕೆ. ಹೀಗೆ ನಾಲ್ಕಾರು ಸಲ ನಡೆದು ಬೇರೆ ಕೊಳ್ಳುವವರೂ ಸರಕಾರವೂ ಬೇಸತ್ತ ಮೇಲೆ ಕಡಿಮೆ ಬೆಲೆಗೆ ಅದು ಜಮೀನ್ದಾರನ ಕಡೆಗೇ ಬಂದು ಸೇರುತ್ತಿತ್ತು. 1793ರಿಂದ 1801ರ ನಡುವೆ ಬರ್ದ್ವಾನ್ ಸೇರಿದಂತೆ ನಾಲ್ಕು ದೊಡ್ಡ ಜಮೀನ್ದಾರಿಗಳು ಮಾಡಿದ ಬೇನಾಮಿ ಖರೀದಿಯ ಮೊತ್ತ 30 ಲಕ್ಷ ರೂಪಾಯಿಯಷ್ಟಾಗಿತ್ತು. ಇದು ಮೋಸವೇ, ಸಂಶಯವಿಲ್ಲ. ಆದರೆ ಈ ಮೋಸದ ಒಳಗೊಂದು ಬೇಡಿಕೆಯೂ ಇತ್ತು: ನಮ್ಮದನ್ನು ನಾವು ಹಣ ಕೊಟ್ಟು ಬಿಡಿಸಿಕೊಳ್ಳಲು ಬಿಡಿ ಎಂಬುದು. ಗುಮಾಸ್ತರನ್ನು ಸಾಕುವ ಶಕ್ತಿಯಿದ್ದ ರಾಜನಿಗೆ ಕಿಟಕಿ ಸಿಕ್ಕಿತು. ಚಿಕ್ಕ ಹಿಡುವಳಿಯವನಿಗೆ, ಗಂಡ ಸತ್ತ ಹೆಂಗಸಿಗೆ ಅದು ಎಲ್ಲಿಂದ ಸಿಗಬೇಕು?

ಎಲ್ಲಕ್ಕಿಂತ ದೊಡ್ಡ ಹೊಡೆತ ಬಿದ್ದದ್ದು ಬಾಕಿಗೆ ಕಾರಣರೇ ಅಲ್ಲದವರ ಮೇಲೆ. ಕಂದಾಯದ ಹರಾಜಿನಲ್ಲಿ ಕೊಂಡವನಿಗೆ ಭೂಮಿ ಸ್ವಚ್ಛವಾಗಿ, ಅಂದರೆ ಹಳೆಯ ಮಾಲೀಕ ಕೊಟ್ಟ ಗುತ್ತಿಗೆ, ಮಾಡಿದ ಅಡವು ಯಾವುದರ ಹಂಗೂ ಇಲ್ಲದೆ ದೊರಕಬೇಕೆಂಬುದು ಕಾನೂನಿನ ಹಂಚಿಕೆ. ಗೇಣಿಯನ್ನು ಕಾಲಕಾಲಕ್ಕೆ ಜಮೀನ್ದಾರನಿಗೆ ಕೊಟ್ಟವನ ಗುತ್ತಿಗೆಯೂ ಜಮೀನ್ದಾರನ ತಪ್ಪಿಗೆ ರದ್ದಾಗಬಹುದಿತ್ತು. ಮೇಲಾಗಿ, ಹರಾಜಿನ ಹೆದರಿಕೆಯಲ್ಲಿದ್ದ ಜಮೀನ್ದಾರರಿಗೆ ರೈತರಿಂದ ಬೇಗ ವಸೂಲು ಮಾಡಲೆಂದು 1799ರ ಏಳನೆಯ ನಿಯಮ ರೈತನ ಬೆಳೆ, ದನಕರುಗಳನ್ನು ಜಪ್ತಿ ಮಾಡುವ ಅಧಿಕಾರವನ್ನೇ ಕೊಟ್ಟಿತು. ಬಂಗಾಳದ ರೈತರು ಅದನ್ನು ಫಾರಸಿ ಎಣಿಕೆಯಲ್ಲಿ 'ಹಫ್ತಮ್' ಎಂದೇ ಕರೆದರು. ಹಫ್ತಮ್ ಎಂದರೆ ಏಳನೆಯದು ಎಂದಷ್ಟೇ ಅರ್ಥ. ಆ ಬರಿಯ ಅಂಕಿ ರೈತನ ಬಾಯಲ್ಲಿ ಭಯದ ಹೆಸರಾಗಿ ಉಳಿಯಿತು.

ಫಿಕ್ಹ್‌ನ ಪುಟಗಳಲ್ಲಿ

ಕಂಪನಿಯ ಅಧಿಕಾರಿಗಳಿಗೆ ಬೇರೆ ದಾರಿ ಗೊತ್ತಿರಲಿಲ್ಲವೇ? ಗೊತ್ತಿತ್ತು, ಅವರದೇ ಕಪಾಟಿನಲ್ಲಿತ್ತು. ವಾರನ್ ಹೇಸ್ಟಿಂಗ್ಸ್‌ನ ಆಶ್ರಯದಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಎಂಬಾತ ಹನಫಿ ಪಂಥದ ಪ್ರಮಾಣ ಗ್ರಂಥವಾದ 'ಹಿದಾಯ'ವನ್ನು ಫಾರಸಿಯ ಮೂಲಕ ಇಂಗ್ಲಿಷಿಗೆ ತಂದ. ಅದು ಅಚ್ಚಾದದ್ದು 1791ರಲ್ಲಿ, ಕಾಯಂ ಜಮಾಬಂದಿಗೆ ಎರಡು ವರ್ಷ ಮೊದಲು. ಸಾಲಗಾರನ ಆಸ್ತಿಯನ್ನು ಅವನ ಒಪ್ಪಿಗೆಯಿಲ್ಲದೆ ಖಾಜಿ ಮಾರಬಹುದೇ ಎಂಬ ಚರ್ಚೆ ಅದರಲ್ಲಿದೆ. ಇಮಾಮ್ ಅಬೂ ಹನೀಫಾ ಮಾರಕೂಡದೆಂದರು. ಸಾಲಗಾರನೇ ಮಾರುವವರೆಗೆ ಅವನನ್ನು ಬಂಧನದಲ್ಲಿಡಬಹುದು ಅಷ್ಟೆ ಎಂಬುದು ಅವರ ಅಭಿಪ್ರಾಯ. ಅವರ ಶಿಷ್ಯರಾದ ಇಮಾಮ್ ಅಬೂ ಯೂಸುಫ್ ಮತ್ತು ಇಮಾಮ್ ಮುಹಮ್ಮದ್ ಮಾರಬಹುದೆಂದರು, ಆದರೆ ಕ್ರಮ ಹೇಳಿದರು: ಮೊದಲು ನಗದು, ಆಮೇಲೆ ಚರ ವಸ್ತುಗಳು, ನೆಲ-ಮನೆ ಕಟ್ಟಕಡೆಗೆ.

ಅದೇ ಅಬೂ ಯೂಸುಫ್ ಖಲೀಫ ಹಾರೂನ್ ರಶೀದರಿಗಾಗಿ ಬರೆದ 'ಕಿತಾಬುಲ್ ಖರಾಜ್' ಭೂಕಂದಾಯದ ಬಗೆಗೇ ಇರುವ ಗ್ರಂಥ. ಹಜ್ರತ್ ಅಲಿ ತಮ್ಮ ಕಂದಾಯದ ಅಧಿಕಾರಿಯೊಬ್ಬನಿಗೆ ಕೊಟ್ಟ ಅಪ್ಪಣೆಯನ್ನು ಅದು ದಾಖಲಿಸುತ್ತದೆ. ಖರಾಜಿಗಾಗಿ ಜನರ ಚಳಿಗಾಲ-ಬೇಸಿಗೆಯ ಬಟ್ಟೆಯನ್ನು, ಉಣ್ಣುವ ಕಾಳನ್ನು, ದುಡಿಯುವ ದನವನ್ನು ಮಾರಬೇಡ, ಒಂದು ದಿರ್ಹಮಿಗಾಗಿ ಯಾರನ್ನೂ ಹೊಡೆಯಬೇಡ ಎಂಬುದು ಅದರ ತಾತ್ಪರ್ಯ. ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಅವಕಾಶ ಕೊಡಬೇಕೆಂಬ ಕುರ್‌ಆನಿನ ಆದೇಶವೇ ಇದರ ಬೇರು. ಮುಸ್ಲಿಂ ಸುಲ್ತಾನರೆಲ್ಲ ಇದನ್ನು ಪಾಲಿಸಿದರೆಂದಲ್ಲ, ಪಾಲಿಸದವರೇ ಹೆಚ್ಚು. ಆದರೆ ಅವಕಾಶ ಕೊಡುವುದು ಸಾಹುಕಾರನ ದೊಡ್ಡತನವಲ್ಲ, ಕಷ್ಟದಲ್ಲಿರುವವನ ಹಕ್ಕು ಎಂಬ ತಿಳಿವಳಿಕೆ ಬಂಗಾಳದಲ್ಲಿ ಹೊಸದೇನೂ ಆಗಿರಲಿಲ್ಲ.

ಮೂವತ್ತು ದಿನ, ಶೇಕಡಾ ಐದು

ಕಾನೂನು ಮೆತ್ತಗಾದದ್ದು ನಿಧಾನವಾಗಿ. 1859ರ ಹನ್ನೊಂದನೆಯ ಕಾನೂನು ಬಂಗಾಳದ ಕಂದಾಯದ ಹರಾಜಿಗೆ ಹೊಸ ರೂಪ ಕೊಟ್ಟಿತು. ಕೊಂಡವನು ಹಳೆಯ ಗುತ್ತಿಗೆಗಳನ್ನು ರದ್ದು ಮಾಡಬಹುದೆಂಬ ಮೂಲ ತತ್ವ ಉಳಿಯಿತು. ಆದರೆ ಕೆಲವಕ್ಕೆ ರಕ್ಷಣೆ ಸಿಕ್ಕಿತು. ಕಾಯಂ ಜಮಾಬಂದಿಯ ಕಾಲದಿಂದ ಬಂದ ಹಕ್ಕುಗಳು, ನೋಂದಾಯಿಸಿದ ಹಿಡುವಳಿಗಳು ಮತ್ತು ಮನೆ, ತೋಟ, ಕೆರೆ, ಬಾವಿ, ಪೂಜಾಸ್ಥಳ, ಸುಡುಗಾಡು ಅಥವಾ ಖಬರಸ್ತಾನ ಇರುವ ಗುತ್ತಿಗೆ ನೆಲವನ್ನು ಹೊಸ ಯಜಮಾನ ಮುಟ್ಟುವಂತಿರಲಿಲ್ಲ.  ಪಾಲುಗಾರರಲ್ಲಿ ಒಬ್ಬನ ಬಾಕಿಗೆ ಎಲ್ಲರ ನೆಲ ಹೋಗದಂತೆ ಬೇರೆ ಬೇರೆ ಖಾತೆ ತೆರೆಯುವ ಅವಕಾಶವೂ ಬಂತು. ಬಾಕಿ ಕಳೆದು ಉಳಿದ ಹಣ ಹಳೆಯ ಮಾಲೀಕನದೇ ಎಂದೂ ಬರೆಯಲಾಯಿತು. ಈ ಕೊನೆಯ ಅಂಶವನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಹರಾಜಾದ ಮೇಲೂ ಬಿಡಿಸಿಕೊಳ್ಳುವ ಸ್ಪಷ್ಟ ಹಕ್ಕು ಕಾಣಿಸಿಕೊಂಡದ್ದು 1885ರ ಬಂಗಾಳ ಗೇಣಿ ಕಾನೂನಿನಲ್ಲಿ. ಗೇಣಿ ಬಾಕಿಗಾಗಿ ಹಿಡುವಳಿ ಹರಾಜಾದರೆ ಮೂವತ್ತು ದಿನಗಳೊಳಗೆ ಬಾಕಿ ಮತ್ತು ಖರ್ಚನ್ನು ಕಟ್ಟಿ, ಕೊಂಡವನಿಗೆ ಅವನು ಕೊಟ್ಟ ಬೆಲೆಯ ಶೇಕಡಾ 5ರಷ್ಟನ್ನು ಹೆಚ್ಚಿಗೆ ಇಟ್ಟು ಹರಾಜನ್ನೇ ರದ್ದು ಮಾಡಿಸಬಹುದು. ಈ ಸೂತ್ರ ಎಷ್ಟು ಚೆನ್ನಾಗಿ ಹೊಂದಿತೆಂದರೆ, 1894ರಲ್ಲಿ ಅದನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಗೆ ಸೇರಿಸಿ ಎಲ್ಲ ನ್ಯಾಯಾಲಯದ ಹರಾಜುಗಳಿಗೂ ಹಬ್ಬಿಸಿದರು. 1908ರ ಸಂಹಿತೆಯಲ್ಲಿ ಅದು 21ನೆಯ ಆದೇಶದ 89ನೆಯ ನಿಯಮವಾಗಿ ಇಂದಿಗೂ ಇದೆ. ನ್ಯಾಯಾಲಯದ ಹರಾಜಿಗೆ ಈಗ ಗಡುವು ಅರವತ್ತು ದಿನ. 1913ರ ಬಂಗಾಳದ ಸರಕಾರಿ ಬಾಕಿ ವಸೂಲಿ ಕಾನೂನಿನಲ್ಲೂ ಇಂಥದೇ ಅವಕಾಶ ಬಂತು.

ನಮ್ಮ ನಾಡು ಆಗ ಹಲವು ಕಾನೂನುಗಳ ಕೌದಿಯಾಗಿತ್ತು. ಮಂಗಳೂರು, ಬಳ್ಳಾರಿಗಳಿಗೆ ಮದರಾಸಿನ 1864ರ ಕಂದಾಯ ವಸೂಲಿ ಕಾನೂನು; ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡಗಳಿಗೆ ಮುಂಬಯಿಯ 1879ರ ಸಂಹಿತೆ; ಹಳೆಯ ಮೈಸೂರಿಗೆ 1888ರ ಸಂಹಿತೆ; ಗುಲ್ಬರ್ಗಾ, ಬೀದರ, ರಾಯಚೂರುಗಳಿಗೆ ನಿಜಾಮರ 1317 ಫಸಲಿಯ ಕಾನೂನು. ಇವೆಲ್ಲವನ್ನೂ ಒಂದೇ ಹೊದಿಕೆಯ ಕೆಳಗೆ ತಂದದ್ದು 1964ರ ಭೂ ಕಂದಾಯ ಅಧಿನಿಯಮ. ಕಂದಾಯ ಬಾಕಿಗೆ ಸ್ಥಿರಾಸ್ತಿ ಹರಾಜಾದರೆ ಮೂವತ್ತು ದಿನಗಳೊಳಗೆ ಬಾಕಿಯ ಜೊತೆ ಕೊಂಡವನಿಗೆ ಶೇಕಡಾ 5 ಸೇರಿಸಿ ಕಟ್ಟಿ ಹರಾಜು ರದ್ದು ಮಾಡಿಸುವ ಹಕ್ಕು ಅದರಲ್ಲೂ ಇದೆ. ಬಂಗಾಳದ ರೈತ ಪಡೆದ ಸೂತ್ರ ಹೀಗೆ ನಮ್ಮ ತಾಲ್ಲೂಕು ಕಚೇರಿಗೆ ಬಂದು ಕುಳಿತಿತು.

ಮರಳಿ ಬರುವುದು ಏನು?

ಹೀಗೆ ಬಿಡಿಸಿಕೊಂಡಾಗ ಮಾಲೀಕನಿಗೆ ಸಿಗುವುದೇನು? ಹೊಸ ಒಡೆತನವಲ್ಲ. ಹರಾಜು ರದ್ದಾದರೆ ಕಾನೂನಿನ ಕಣ್ಣಲ್ಲಿ ಅದು ನಡೆದೇ ಇಲ್ಲ. ಕೊಂಡವನಿಗೆ ಅವನ ಹಣ, ಅದರ ಮೇಲೆ ಶೇಕಡಾ 5. ಅದಕ್ಕಿಂತ ಹೆಚ್ಚಿಗೆ ಅವನು ಕೇಳುವಂತಿಲ್ಲ. ಬೆಲೆ ಏರಿದ್ದರ ಲಾಭವನ್ನೂ ಬೇಡುವಂತಿಲ್ಲ. ಹರಾಜು ಕಾಯಂ ಆಗುವ ಮೊದಲು ಅವನು ನೆಲದ ಒಡೆಯನೇ ಆಗಿರುವುದಿಲ್ಲ. ಮಾಲೀಕ ಹರಾಜಿಗೆ ಮುಂಚೆ ಎಲ್ಲಿ ನಿಂತಿದ್ದನೋ ಅಲ್ಲಿಯೇ ಮತ್ತೆ ನಿಲ್ಲುತ್ತಾನೆ. ಇದು ಅವನ ಬಲವೂ ಹೌದು, ಮಿತಿಯೂ ಹೌದು.

ಮಿತಿ ಹೇಗೆಂದರೆ, ಬಿಡಿಸಿಕೊಂಡ ನೆಲ ತೊಳೆದು ಬಂದ ನೆಲವಲ್ಲ. ಅದರ ಮೇಲಿದ್ದ ಅಡವು ಹಾಗೆಯೇ ಇರುತ್ತದೆ. ಬಾಡಿಗೆದಾರನ ಕರಾರು ಹಾಗೆಯೇ ಇರುತ್ತದೆ. ಪಕ್ಕದವರ ದಾರಿಯ ಹಕ್ಕು, ಬಾವಿಯ ಹಕ್ಕು ಹಾಗೆಯೇ ಇರುತ್ತವೆ. ಒಡೆತನದ ಬಗ್ಗೆ ಮೊದಲೇ ವ್ಯಾಜ್ಯವಿದ್ದರೆ ಅದೂ ಹಾಗೆಯೇ ಇರುತ್ತದೆ. ಹರಾಜಿನಲ್ಲಿ ಹೋಗಿ ಬಂತು, ಹಳೆಯದೆಲ್ಲ ಚುಕ್ತಾ ಆಯಿತು ಎಂದು ಮಾಲೀಕ ಹೇಳುವಂತಿಲ್ಲ. ಬಂಗಾಳದ ಹರಾಜು ಭೂಮಿಯನ್ನು ಅದರ ಜನರಿಂದ ಬೇರ್ಪಡಿಸಿತ್ತು. ಬಿಡಿಸಿಕೊಳ್ಳುವ ಹಕ್ಕು ಭೂಮಿಯನ್ನು ಅದರ ಜನರ ಸಮೇತ ಮರಳಿಸುತ್ತದೆ. ಈ ಹಕ್ಕನ್ನು ಮಾಲೀಕನ ಹಕ್ಕೆಂದು ಮಾತ್ರ ನೋಡಿದರೆ ಅದರ ಅರ್ಧ ಅರ್ಥ ನಮಗೆ ತಪ್ಪಿಹೋಗುತ್ತದೆ.

ಇನ್ನೊಬ್ಬರು ಹಣ ಕಟ್ಟಿದರೆ? ಇದಕ್ಕೆ ಉತ್ತರ 1872ರ ಕರಾರು ಕಾಯಿದೆಯ 69ನೆಯ ಕಲಮಿನಲ್ಲಿದೆ. ಲಾ ಕಾಲೇಜಿನ ಮಕ್ಕಳು ಪರೀಕ್ಷೆಗೆ ಓದುವ ಆ ಕಲಮಿಗೆ ಕೊಟ್ಟ ನಿದರ್ಶನ ಬಂಗಾಳದ್ದೇ. ಜಮೀನ್ದಾರ ಕಂದಾಯ ಕಟ್ಟಲಿಲ್ಲ, ಹರಾಜಿನ ಜಾಹೀರಾತು ಬಂತು, ಹರಾಜಾದರೆ ತನ್ನ ಗುತ್ತಿಗೆ ಹೋಗುತ್ತದೆಂದು ಗುತ್ತಿಗೆದಾರ ತಾನೇ ಕಟ್ಟಿದ. ಅವನಿಗೆ ಜಮೀನ್ದಾರ ಆ ಹಣವನ್ನು ಕೊಡಲೇಬೇಕು. ಗಮನಿಸಬೇಕಾದ್ದು, ಕಟ್ಟಿದವನಿಗೆ ಹಣದ ಹಕ್ಕು ಹುಟ್ಟುತ್ತದೆ, ನೆಲದ ಒಡೆತನ ಹುಟ್ಟುವುದಿಲ್ಲ.

1882ರ ನ್ಯಾಸಗಳ ಕಾಯಿದೆಯ 90ನೆಯ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಡವಿಟ್ಟುಕೊಂಡು ಕಬ್ಜೆಯಲ್ಲಿದ್ದವನು ಬೇಕೆಂದೇ ಕಂದಾಯ ಬಾಕಿ ಬೀಳಿಸಿ, ಹರಾಜಿಗೆ ಬಂದಾಗ ತಾನೇ ಕೊಂಡರೆ, ಅವನು ಅದರ ಒಡೆಯನಾಗುವುದಿಲ್ಲ. ತನ್ನ ಸಾಲ ಮತ್ತು ಖರ್ಚು ತೀರುವವರೆಗೆ ಮಾತ್ರ ಹಿಡಿದುಕೊಂಡು, ಮೂಲ ಮಾಲೀಕನ ಹಿತಕ್ಕಾಗಿ ಇಟ್ಟುಕೊಂಡವನಾಗುತ್ತಾನೆ. ಪಾಲುಗಾರನಿಗೂ ಇದೇ ನೀತಿ. ತನ್ನ ಸ್ಥಾನವನ್ನು ಬಳಸಿ ಉಳಿದವರ ಹಕ್ಕಿಗೆ ವಿರುದ್ಧವಾಗಿ ಪಡೆದ ಲಾಭವನ್ನು ಅವನು ಅವರೊಂದಿಗೆ ಹಂಚಿಕೊಳ್ಳಬೇಕು.

ಅಣ್ಣ ಬಿಡಿಸಿದ ಮನೆ

ಈ ಮಾತು ನಮ್ಮ ಮನೆಯೊಳಗೇ ಬರುತ್ತದೆ. ತಂದೆ ತೀರಿಕೊಂಡ ಮೇಲೆ ಶರೀಅತ್ತಿನ ಪ್ರಕಾರ ಹೆಂಡತಿಗೆ ಎಂಟನೆಯ ಒಂದು ಪಾಲು. ಉಳಿದುದರಲ್ಲಿ ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು. ತಂದೆ ಕಣ್ಣು ಮುಚ್ಚಿದ ಗಳಿಗೆಯಲ್ಲೇ ಹಕ್ಕು ಅವರವರದಾಗುತ್ತದೆ, ಖಾತೆ ಯಾರ ಹೆಸರಿನಲ್ಲಿದ್ದರೂ ಸರಿ. ಆದರೆ ನಡೆಯುವುದು ಬೇರೆ. ಖಾತೆ ದೊಡ್ಡಣ್ಣನ ಹೆಸರಿಗಾಗುತ್ತದೆ. ತೆರಿಗೆ ಬಾಕಿ ಬೀಳುತ್ತದೆ, ನೋಟೀಸು ಬರುತ್ತದೆ, ಅಣ್ಣ ಎಲ್ಲಿಂದಲೋ ಹಣ ತಂದು ಕಟ್ಟಿ ಬಿಡಿಸುತ್ತಾನೆ. ಹತ್ತು ವರ್ಷದ ಮೇಲೆ ತಂಗಿ ಪಾಲು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: "ಮನೆ ಹರಾಜಿಗೆ ಹೋಗಿತ್ತು, ನಾನು ಬಿಡಿಸಿಕೊಂಡೆ. ಆವತ್ತು ನೀನು ಎಲ್ಲಿದ್ದೆ?" ಇಂಥ ಮಾತನ್ನು ನಮ್ಮ ಮೊಹಲ್ಲಾಗಳಲ್ಲಿ ಕೇಳದವರು ಯಾರಿದ್ದಾರೆ?

ಅಣ್ಣನ ಸಂಕಟ ಸುಳ್ಳಲ್ಲ. ಅವನು ಕಟ್ಟಿದ ಹಣದಲ್ಲಿ ತಂಗಿಯ ಪಾಲಿನಷ್ಟನ್ನು ತಂಗಿ ಕೊಡಬೇಕಾದದ್ದು ನ್ಯಾಯ. ಆದರೆ ಅವನು ಬಿಡಿಸಿದ್ದು ತನ್ನ ಮನೆಯನ್ನಲ್ಲ, ಎಲ್ಲರ ಮನೆಯನ್ನು. ಒಡೆತನ ಮರಳಿತೇ ಹೊರತು ಹೊಸದಾಗಿ ಹುಟ್ಟಲಿಲ್ಲ. ಮರಳುವಾಗ ತಾಯಿಯ ಎಂಟನೆಯ ಪಾಲೂ ತಂಗಿಯ ಪಾಲೂ ಜೊತೆಯಲ್ಲೇ ಮರಳಿದವು. ಖಾತೆ ಬದಲಾವಣೆ ತೆರಿಗೆಯ ಲೆಕ್ಕಕ್ಕಾಗಿಯೇ ವಿನಾ ಅದರಿಂದ ಒಡೆತನ ಸಿದ್ಧವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ. ಬಾಕಿಯ ರಸೀದಿಯನ್ನು ತೋರಿಸಿ ತಂಗಿಯ ಹಕ್ಕನ್ನು ನುಂಗುವವನು ಶರೀಅತ್ತಿಗೂ ತಪ್ಪಿ ನಡೆಯುತ್ತಾನೆ, ದೇಶದ ಕಾನೂನಿಗೂ ತಪ್ಪಿ ನಡೆಯುತ್ತಾನೆ. ಅಕ್ಕತಂಗಿಯರಿಗೂ ಒಂದು ಮಾತು: ಪಾಲುಗಾರರಲ್ಲಿ ಯಾರಾದರೂ ಹಣ ಕಟ್ಟಿ ಬಿಡಿಸುವಾಗ ತಮ್ಮ ಭಾಗವನ್ನು ಕೊಟ್ಟು ಚೀಟಿ ಇಟ್ಟುಕೊಳ್ಳುವುದು ಜಗಳವಲ್ಲ, ಜಾಣತನ.

ಸಮುದ್ರದಾಚೆಯ ಅಜ್ಜಿ

ಇಂಗ್ಲಿಷ್ ಕಾನೂನಿನ ಬೇರು ನಮ್ಮಂತೆಯೇ ಅಮೆರಿಕಕ್ಕೂ ಹರಿದಿದೆ. ಅಲ್ಲಿ ಮನೆಯ ತೆರಿಗೆ ಬಾಕಿಯಾದರೆ ಹರಾಜು, ಆಮೇಲೆ ಬಿಡಿಸಿಕೊಳ್ಳುವ ಅವಧಿ. ಪ್ರತಿ ರಾಜ್ಯಕ್ಕೂ ಬೇರೆ ಬೇರೆ ಲೆಕ್ಕ. ಟೆಕ್ಸಾಸಿನಲ್ಲಿ ಸ್ವಂತ ವಾಸದ ಮನೆಗೆ ಎರಡು ವರ್ಷ ಕಾಲಾವಕಾಶವಿದೆ, ಆದರೆ ದಂಡ ಭಾರಿ: ಮೊದಲ ವರ್ಷ ಶೇಕಡಾ 25, ಎರಡನೆಯ ವರ್ಷ ಶೇಕಡಾ 50. ಜಾರ್ಜಿಯಾ ರಾಜ್ಯದ ಕಾನೂನು ನಾವು ಮೇಲೆ ಹೇಳಿದ ತತ್ವವನ್ನೇ ಬರಹದಲ್ಲಿ ಇಟ್ಟಿದೆ. ಬಿಡಿಸಿಕೊಂಡ ಕೂಡಲೇ ಒಡೆತನ ಹಳೆಯ ಮಾಲೀಕನಿಗೇ ಮರಳುತ್ತದೆ. ಹರಾಜಿನ ದಿನ ಆಸ್ತಿಯ ಮೇಲಿದ್ದ ಋಣಭಾರಗಳೆಲ್ಲವೂ ಅದರೊಂದಿಗೆ ಮರಳುತ್ತವೆ.

ಬಿಡಿಸಿಕೊಳ್ಳಲು ಆಗದವರ ಗತಿಯೇನು? ಮಿನೆಸೋಟಾ ರಾಜ್ಯದ ಮಿನಿಯಾಪೊಲಿಸಿನಲ್ಲಿ ಒಬ್ಬ ವೃದ್ಧೆ ತನ್ನ ಚಿಕ್ಕ ಫ್ಲ್ಯಾಟಿನ ತೆರಿಗೆ ಕಟ್ಟಿರಲಿಲ್ಲ. ಮೂಲ ತೆರಿಗೆ ಸುಮಾರು 2,300 ಡಾಲರು. ಬಡ್ಡಿ-ದಂಡ ಸೇರಿ ಸುಮಾರು 15,000 ಡಾಲರಾಯಿತು. ಜಿಲ್ಲಾಡಳಿತ ಫ್ಲ್ಯಾಟನ್ನು 40,000 ಡಾಲರಿಗೆ ಮಾರಿ, ಉಳಿದ 25,000 ಡಾಲರನ್ನೂ ತಾನೇ ಇಟ್ಟುಕೊಂಡಿತು. ರಾಜ್ಯದ ಕಾನೂನು ಹಾಗೆಯೇ ಇತ್ತು! ಟೈಲರ್ ವಿರುದ್ಧ ಹೆನ್ನೆಪಿನ್ ಕೌಂಟಿ ಎಂಬ ಆ ಮೊಕದ್ದಮೆಯಲ್ಲಿ 2023ರ ಮೇ 25ರಂದು ಅಮೆರಿಕದ ಸುಪ್ರೀಂ ಕೋರ್ಟು ಒಮ್ಮತದಿಂದ ಅಜ್ಜಿಯ ಪರ ತೀರ್ಪು ಕೊಟ್ಟಿತು. ಆಗ ಆಕೆಗೆ 94 ವರ್ಷ. ಸರಕಾರ ತನಗೆ ಬರಬೇಕಾದ ಬಾಕಿಯನ್ನು ತೆಗೆದುಕೊಳ್ಳಬಹುದು, ಅದಕ್ಕಿಂತ ಹೆಚ್ಚಿನದನ್ನು ನುಂಗಬಾರದು ಎಂಬುದು 1215ರ ಮ್ಯಾಗ್ನಾ ಕಾರ್ಟಾದಿಂದ ಬಂದ ನೀತಿಯೆಂದು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಬರೆದರು. ಬಂಗಾಳದಲ್ಲಿ 1859ರಲ್ಲೇ ಬರೆದಿಟ್ಟಿದ್ದ ಮಾತು ಮಿನೆಸೋಟಾಕ್ಕೆ ತಲುಪಲು 2023 ಬರಬೇಕಾಯಿತು. ಕಾನೂನಿನ ದಯೆ ಎಲ್ಲ ಕಡೆ ಒಂದೇ ಸಮನೆ ನಡೆಯುವುದಿಲ್ಲ.

ಕಿರಿದಾಗುತ್ತಿರುವ ಬಾಗಿಲು

ಇತಿಹಾಸ ಮುಂದಕ್ಕೇ ಹೋಗುತ್ತದೆಂದು ನೆಮ್ಮದಿಯಿಂದ ಇರಲೂ ಆಗದು. ಬ್ಯಾಂಕಿನ ಸಾಲದ ವಿಷಯ ನೋಡಿ. 2002ರ ಸರ್ಫೇಸಿ ಕಾಯಿದೆ ನ್ಯಾಯಾಲಯಕ್ಕೆ ಹೋಗದೆಯೇ ಅಡವಿನ ಆಸ್ತಿಯನ್ನು ಹರಾಜು ಹಾಕುವ ಅಧಿಕಾರವನ್ನು ಬ್ಯಾಂಕುಗಳಿಗೆ ಕೊಟ್ಟಿತು. ಆ ಕಾಯಿದೆಗೆ 2016ರಲ್ಲಿ ತಿದ್ದುಪಡಿ ಬಂತು. ಹರಾಜಿನ ನೋಟೀಸು ಪ್ರಕಟವಾಗುವ ಮೊದಲೇ ಸಾಲಗಾರ ಪೂರ್ತಿ ಹಣ ಕಟ್ಟಿರಬೇಕು, ಪ್ರಕಟವಾದ ಮೇಲೆ ಬಿಡಿಸಿಕೊಳ್ಳುವ ಹಕ್ಕು ಇಲ್ಲ ಎಂದು 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಗೆ ಅರ್ಥ ಹೇಳಿತು. ಸರಕಾರದ ಕಂದಾಯಕ್ಕೆ ಹರಾಜಾದರೆ ಆಮೇಲೂ ಮೂವತ್ತು ದಿನ. ಬ್ಯಾಂಕಿನ ಸಾಲಕ್ಕಾದರೆ ಹರಾಜಿಗೆ ಮುಂಚೆಯೇ ಬಾಗಿಲು ಬಂದ್. ಹರಾಜಿನಲ್ಲಿ ಕೊಳ್ಳುವವನಿಗೆ ಭರವಸೆ ಬೇಕು ಎನ್ನುವ ವಾದದಲ್ಲಿ ಹುರುಳಿದೆ. ಕಾರ್ನ್‌ವಾಲಿಸನ ಕಾಲದಲ್ಲೂ ಇದೇ ವಾದವಿತ್ತು ಎಂಬುದನ್ನು ಮಾತ್ರ ನಾವು ಮರೆಯಬಾರದು.

ಕಂದಾಯದ ಹರಾಜಿನಲ್ಲೂ ಇರುವ ಹಕ್ಕು ತಾನಾಗಿ ಬಂದು ಬಾಗಿಲು ತಟ್ಟುವುದಿಲ್ಲ. ಗಲ್ಫಿಗೆ ದುಡಿಯಲು ಹೋದವನ ಬೀಗ ಹಾಕಿದ ಮನೆಗೆ ನೋಟೀಸು ಅಂಟಿಸಿದರೆ ಅದನ್ನು ಓದುವವರಾರು? ಮೂವತ್ತು ದಿನದ ಲೆಕ್ಕ ಹರಾಜಿನ ದಿನದಿಂದ ಓಡತೊಡಗುತ್ತದೆ, ಸುದ್ದಿ ತಿಳಿದ ದಿನದಿಂದಲ್ಲ. ಹಣ ಕಟ್ಟಿದ ಮೇಲೂ ಕೆಲಸ ಮುಗಿಯುವುದಿಲ್ಲ. ಹರಾಜು ರದ್ದಾಯಿತೆಂಬ ಆದೇಶದ ಪ್ರತಿ ಪಡೆಯಬೇಕು, ಖಾತೆ-ಪಹಣಿಯಲ್ಲಿ ಅದು ದಾಖಲಾಯಿತೇ ಎಂದು ನೋಡಬೇಕು. ಹರಾಜೇ ಮೋಸದಿಂದ ನಡೆದಿದ್ದರೆ ಅದನ್ನು ಪ್ರಶ್ನಿಸುವ ದಾರಿ ಬೇರೆ ಇದೆ. ನ್ಯಾಯಾಲಯದ ಹರಾಜಿನಲ್ಲಿ ಆ ಅರ್ಜಿಯನ್ನು ಮುಂದಿಟ್ಟುಕೊಂಡೇ ಹಣ ಕಟ್ಟಿ ಬಿಡಿಸಿಕೊಳ್ಳುವ ಅರ್ಜಿಯನ್ನೂ ನಡೆಸಲಾಗದು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಇವನ್ನೆಲ್ಲ ಮಸೀದಿಯ ಜಮಾತಿನಲ್ಲಿ, ಮಹಿಳಾ ಸಂಘಗಳಲ್ಲಿ, ಗ್ರಾಮ ಪಂಚಾಯತಿಯ ಸಭೆಗಳಲ್ಲಿ ನಾವು ಹೇಳಿಕೊಡದೆ ಮತ್ತಾರು ಹೇಳಿಕೊಡಬೇಕು?

ಬರ್ದ್ವಾನಿನ ರಾಜನಿಗೆ ಗುಮಾಸ್ತರಿದ್ದರು, ಮಿನಿಯಾಪೊಲಿಸಿನ ಅಜ್ಜಿಗೆ ವಕೀಲರು ಸಿಕ್ಕರು. ಬಾಕಿಯ ನೋಟೀಸನ್ನು ಸೆರಗಿಗೆ ಕಟ್ಟಿಕೊಂಡು ತಾಲ್ಲೂಕು ಕಚೇರಿಯ ಮುಂದೆ ಯಾರನ್ನು ಕೇಳುವುದೆಂದು ತಿಳಿಯದೆ ನಿಂತಿರುವ ನಮ್ಮೂರಿನ ವಿಧವೆಗೆ ಇರುವುದು ಆ ಮೂವತ್ತು ದಿನ ಮಾತ್ರ. ಅದರಲ್ಲಿ ಎಷ್ಟು ದಿನ ಕಳೆದಿದೆ ಎಂದು ಎಣಿಸಿ ಹೇಳಬಲ್ಲ ಒಬ್ಬರಾದರೂ ಆಕೆಯ ಪಕ್ಕದಲ್ಲಿ ನಿಲ್ಲಬೇಕು. ಆ ನೆಲ ಮರಳಿ ಬಂದಾಗ ಅದು ಆಕೆಯದೂ, ಆಕೆಯ ಗಂಡುಮಕ್ಕಳದೂ, ಹೆಣ್ಣುಮಕ್ಕಳದೂ ಆಗಿರುತ್ತದೆ ಎಂಬುದನ್ನು ಅದೇ ದಿನ ಮನೆಯವರೆಲ್ಲರ ಮುಂದೆ ಹೇಳಿಬಿಡುವುದು ಒಳ್ಳೆಯದು.